ಕ್ಯಾಲ್ಸಿಯಂ ಸ್ಕೋರ್ 312, ಥಾಲಿಯಂ ಟೆಸ್ಟ್ ನಾರ್ಮಲ್: ಯಾವುದನ್ನು ನಂಬಬೇಕು?

ಡೊಂಬಿವಲಿ_ಹರೀಶ

ಎಲ್ಲರಿಗೂ ನಮಸ್ಕಾರ. ಅಪ್ಪನ ಎರಡು ರಿಪೋರ್ಟ್ ಕೈಯಲ್ಲಿ ಹಿಡಿದು ಕೂತಿದ್ದೇನೆ. ಒಂದು ಹೆದರಿಸುತ್ತದೆ, ಇನ್ನೊಂದು ಬೆನ್ನು ತಟ್ಟುತ್ತದೆ.

ಅಪ್ಪನಿಗೆ 66. ಫೋರ್ಟ್‌ನ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತೇ ಆಯುಷ್ಯ ಕಳೆದವರು. ಶುಗರ್ ಹಳೆಯದು, ಬಿಪಿಗೂ ಮಾತ್ರೆ ಇದೆ. ಎದೆನೋವು ಇಲ್ಲ. ಸ್ಟೇಷನ್ ಮೆಟ್ಟಿಲು ಹತ್ತುವಾಗ ಸ್ವಲ್ಪ ಏದುಸಿರು ಬರುತ್ತದೆ, ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿಬಿಟ್ಟಿದ್ದಾರೆ.

ಹೆಲ್ತ್ ಚೆಕಪ್‌ನಲ್ಲಿ ಸಿಟಿ ಮಾಡಿ ಕ್ಯಾಲ್ಸಿಯಂ ಸ್ಕೋರ್ ತೆಗೆದರು. 312. ಹೆಚ್ಚಿನದು ಎಡಗಡೆಯ ದೊಡ್ಡ ನಾಳದಲ್ಲಿ, ಅಂದರೆ ಎಲ್‌ಎಡಿಯಲ್ಲಿ. ಡಾಕ್ಟರು ಸ್ಟಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ) ಶುರು ಮಾಡಿ, ಸ್ಟ್ರೆಸ್ ಥಾಲಿಯಂ ಎಂಬ ನ್ಯೂಕ್ಲಿಯರ್ ಸ್ಕ್ಯಾನ್ ಬರೆದುಕೊಟ್ಟರು. ಅದರ ರಿಪೋರ್ಟಿನಲ್ಲಿ ಪರ್ಫ್ಯೂಷನ್ (ರಕ್ತದ ಹರಿವು) ನಾರ್ಮಲ್, ಇಸ್ಕೀಮಿಯಾ (ರಕ್ತದ ಕೊರತೆ) ಇಲ್ಲ, ಇಎಫ್ (ಒಂದು ಬಡಿತಕ್ಕೆ ಹೃದಯ ಹೊರಹಾಕುವ ರಕ್ತದ ಪಾಲು) 61 ಅಂತ ಬಂತು. ಆವತ್ತಿನಿಂದ ಅಪ್ಪನದು ಒಂದೇ ಮಾತು: "ಅಣುಶಕ್ತಿ ಮಷೀನೇ ಏನೂ ಇಲ್ಲ ಅಂದಮೇಲೆ ನಿನ್ನ ಮಾತ್ರೆ ಯಾಕೆ?" ಸ್ಟಾಟಿನ್ ಡಬ್ಬಿಯನ್ನು ದೇವರ ಕೋಣೆಯ ಕಪಾಟಿನ ಮೇಲೆ ಇಟ್ಟುಬಿಟ್ಟಿದ್ದಾರೆ.

ಎರಡರಲ್ಲಿ ಒಂದು ತಪ್ಪಾ? ನಾಳದ ಒಳಗಿನ ಕೊಬ್ಬು ನ್ಯೂಕ್ಲಿಯರ್ ಸ್ಕ್ಯಾನಿನಲ್ಲಿ ಕಾಣುತ್ತದಾ ಇಲ್ಲವಾ? ಗೊತ್ತಿದ್ದವರು ಬಿಡಿಸಿ ಹೇಳಿ.

ಕಿಂಗ್ಸ್‌ಸರ್ಕಲ್_ಮಾಮ

ಮಾರಾಯ್ರೆ, ಇದೆಲ್ಲ ಬಿಲ್ ಏರಿಸುವ ದಾರಿ. ಸೀದಾ ಆಂಜಿಯೋಗ್ರಫಿ ಮಾಡಿಸಿ. ಕಣ್ಣಿಗೆ ಕಂಡದ್ದೇ ಸತ್ಯ. ನಮ್ಮ ಕಾಲದಲ್ಲಿ ಇಸಿಜಿ, ಅದಾದರೆ ಆಂಜಿಯೋ, ಅಷ್ಟೇ ಇದ್ದದ್ದು.

ಗಾಮಾ_ಕ್ಯಾಮೆರಾ

ಹರೀಶ್ ಅವರೇ, ಮುಂಬೈಯ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗಗಳಲ್ಲಿ ಟೆಕ್ನಾಲಜಿಸ್ಟ್ ಆಗಿ ಕೆಲಸ ಮಾಡಿ ರಿಟೈರ್ ಆದವನು ನಾನು, ಈಗ ಚೆಂಬೂರಿನಲ್ಲಿದ್ದೇನೆ. ಎರಡೂ ರಿಪೋರ್ಟ್ ಸರಿಯಾಗಿಯೇ ಇರಬಹುದು. ಎರಡು ಟೆಸ್ಟ್ ಕೇಳುವುದು ಎರಡು ಬೇರೆ ಪ್ರಶ್ನೆ.

ಸಿಟಿ ಕೇಳುವುದು: ನಾಳದ ಗೋಡೆಯಲ್ಲಿ ಗಟ್ಟಿಯಾದ ಸುಣ್ಣ ಎಷ್ಟು ಕೂತಿದೆ? ಅದು ಪ್ಲಾಕ್‌ನ, ಅಂದರೆ ಗೋಡೆಯಲ್ಲಿ ಕೂತ ಕೊಬ್ಬಿನ ಗುರುತು. ಥಾಲಿಯಂ ಕೇಳುವುದು: ಹೃದಯದ ಸ್ನಾಯುವಿಗೆ ಶ್ರಮದ ಹೊತ್ತಿನಲ್ಲಿ ರಕ್ತ ಸಾಕಷ್ಟು ಹೋಗುತ್ತಿದೆಯಾ? ನಮ್ಮ ಕ್ಯಾಮೆರಾ ನಾಳವನ್ನು ನೋಡುವುದೇ ಇಲ್ಲ. ನಾಳದ ಆಚೆ ಇರುವ ಸ್ನಾಯುವನ್ನು ನೋಡುತ್ತದೆ. ಸ್ಕ್ಯಾನಿನಲ್ಲಿ ಪ್ಲಾಕ್ ಕಾಣಲಿಲ್ಲ ಎಂಬ ಮಾತಿಗೇ ಅರ್ಥ ಇಲ್ಲ, ಯಾಕೆಂದರೆ ಅಲ್ಲಿ ಪ್ಲಾಕ್ ಯಾರಿಗೂ ಕಾಣುವುದಿಲ್ಲ.

ದಾದರ್ ಸ್ಟೇಷನ್ನಿನ ಸೇತುವೆಯ ಅರ್ಧ ಭಾಗಕ್ಕೆ ರಿಪೇರಿಯ ತಗಡು ಹೊಡೆದಿದ್ದಾರೆ ಅಂದುಕೊಳ್ಳಿ. ಮಧ್ಯಾಹ್ನ ಎರಡಕ್ಕೆ ದಾಟಿದರೆ ಗೊತ್ತೇ ಆಗುವುದಿಲ್ಲ, ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ನೋಡಿ. ಸ್ಟ್ರೆಸ್ ಟೆಸ್ಟ್ ಅಂದರೆ ಆ ಒಂಬತ್ತು ಗಂಟೆ. ಆದರೆ ತಗಡು ಕಾಲು ಭಾಗಕ್ಕೆ ಮಾತ್ರ ಇದ್ದರೆ ಒಂಬತ್ತಕ್ಕೂ ಜನ ದಾಟುತ್ತಾರೆ.

1974ರಲ್ಲಿ ಲ್ಯಾನ್ಸ್ ಗೌಲ್ಡ್ ನಾಯಿಗಳ ಮೇಲೆ ಮಾಡಿದ ಪ್ರಯೋಗ ಇದನ್ನೇ ತೋರಿಸಿತು. ನಾಳದ ಅಗಲ ಸುಮಾರು ಅರ್ಧ ಕಿರಿದಾಗುವ ತನಕ ಶ್ರಮದ ಹೊತ್ತಿನಂಥ ಹೆಚ್ಚಿನ ಹರಿವು ಕೂಡ ಹೆಚ್ಚುಕಡಿಮೆ ಹಾಗೇ ಇರುತ್ತದೆ. ವಿಶ್ರಾಂತಿಯ ಹರಿವಂತೂ ಸುಮಾರು 85% ಕಿರಿದಾಗುವ ತನಕ ತಡೆದುಕೊಳ್ಳುತ್ತದೆ. ಅಂದರೆ ದಾರಿಯನ್ನು 30%, 40% ಮಾತ್ರ ಕಿರಿದು ಮಾಡುವ ಪ್ಲಾಕ್ ಎಷ್ಟೇ ಇರಲಿ, ನಮ್ಮ ಟೆಸ್ಟ್ ಸಾಮಾನ್ಯವಾಗಿ ನಾರ್ಮಲ್ ಅಂತಲೇ ಹೇಳುತ್ತದೆ.

ಅಪ್ಪನಿಗೆ ಹೇಳಿ, ಮಾತ್ರೆ ಡಬ್ಬಿ ಕೆಳಗೆ ಇಳಿಯಲಿ.

ಕಿಂಗ್ಸ್‌ಸರ್ಕಲ್_ಮಾಮ

ಅದಕ್ಕೇ ಹೇಳಿದ್ದು ಆಂಜಿಯೋ ಮಾಡಿಸಿ ಅಂತ! ಅದರಲ್ಲಿ ಪ್ಲಾಕ್ ಕಂಡೇ ಕಾಣುತ್ತದೆ.

ನವಿಮುಂಬೈ_ಡಾಕ್ಟರ್

ಮಾಮ, ಅದರಲ್ಲೂ ಪೂರ್ತಿ ಕಾಣುವುದಿಲ್ಲ. ಆಂಜಿಯೋದಲ್ಲಿ ನಾವು ಡೈ ಬಿಡುತ್ತೇವೆ, ಡೈ ತುಂಬಿದ ಒಳದಾರಿ ಮಾತ್ರ ಕಾಣುತ್ತದೆ. ಗೋಡೆ ಕಾಣುವುದಿಲ್ಲ. ಪ್ಲಾಕ್ ಬೆಳೆಯುವುದು ಗೋಡೆಯ ಒಳಗೆ. ಶುರುವಿನಲ್ಲಿ ನಾಳ ಹೊರಕ್ಕೆ ಹಿಗ್ಗಿ ಜಾಗ ಮಾಡಿಕೊಡುತ್ತದೆ, ದಾರಿ ಅಷ್ಟೇ ಅಗಲ ಉಳಿಯುತ್ತದೆ. 1987ರಲ್ಲಿ ಗ್ಲಾಗೋವ್ ಮತ್ತು ಜೊತೆಗಾರರು ತೀರಿಹೋದವರ ಹೃದಯಗಳನ್ನು ಪರೀಕ್ಷಿಸಿ, ಪ್ಲಾಕ್ ಸುಮಾರು 40% ಜಾಗ ಹಿಡಿಯುವ ತನಕ ಒಳದಾರಿ ಕಿರಿದಾಗುವುದಿಲ್ಲ ಎಂದು ತೋರಿಸಿದರು. ಆಂಜಿಯೋ ನೋಡಿ ನಾಳ ಕ್ಲೀನ್ ಇದೆ ಅಂದವರಲ್ಲೂ ಗೋಡೆಯೊಳಗೆ ಕೊಬ್ಬು ಕೂತಿರಬಹುದು.

ಗೋಡೆ ನೋಡಬೇಕಾದರೆ ಸಿಟಿ ಆಂಜಿಯೋ ಮಾಡಬೇಕು, ಇಲ್ಲವೇ ನಾಳದೊಳಗೇ ಸಣ್ಣ ಅಲ್ಟ್ರಾಸೌಂಡ್ ತೂರಿಸಬೇಕು. ಎರಡನೆಯದನ್ನು ಸುಮ್ನೆ ಕುತೂಹಲಕ್ಕೆ ಯಾರೂ ಮಾಡಿಸಿಕೊಳ್ಳುವುದಿಲ್ಲ.

ಇನ್ನೊಂದು. ಹಾರ್ಟ್ ಅಟ್ಯಾಕ್ ಬರುವುದು ಯಾವಾಗಲೂ ದೊಡ್ಡ ಬ್ಲಾಕ್‌ನಿಂದಲೇ ಅಲ್ಲ. ಹರಿವಿಗೆ ಅಡ್ಡ ಬಾರದ ಮೆತ್ತನೆಯ ಪ್ಲಾಕ್ ಒಡೆದು, ಅಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಪೂರ್ತಿ ಮುಚ್ಚುತ್ತದೆ. ಹೋದ ತಿಂಗಳು ಟ್ರೆಡ್‌ಮಿಲ್ ಪಾಸ್ ಆಗಿದ್ದ, ಈಗ ಹೋಗಿಬಿಟ್ಟ ಅಂತ ಕೇಳುತ್ತೇವಲ್ಲ, ಅದರಲ್ಲಿ ಎಷ್ಟೋ ಇದೇ ಕಥೆ.

ಕೊಥ್ರೂಡ್_ಅಕ್ಕ

ನಮ್ಮ ಮನೆಯಾಗ ಇದರ ಉಲ್ಟಾ ಆಗಿತ್ತು ನೋಡ್ರಿ. ನಾವು ಮೂಲತಃ ಧಾರವಾಡದವರು, ಈಗ ಪುಣೆಯಲ್ಲಿದ್ದೇವೆ. ನಮ್ಮ ಅವ್ವನಿಗೆ ಥಾಲಿಯಂನಲ್ಲಿ ಹೃದಯದ ಮುಂಭಾಗಕ್ಕೆ ರಕ್ತ ಕಡಿಮೆ ಅಂತ ಬಂತು. ಮನೆ ತುಂಬ ಗಾಬರಿ. ಹುಬ್ಬಳ್ಳಿಯಿಂದ ಸೋದರಮಾವ ರಾತ್ರಿ ಬಸ್ ಹಿಡಿದು ಬಂದುಬಿಟ್ಟರು. ಆಂಜಿಯೋ ಮಾಡಿದರೆ ನಾಳ ಎಲ್ಲ ಚೆನ್ನಾಗಿದೆ. ಆಮೇಲೆ ಬೇರೆ ಆಸ್ಪತ್ರೆಯ ಡಾಕ್ಟರು ಆ ಚಿತ್ರಗಳನ್ನೇ ನೋಡಿ, ಇದು ಸ್ತನದ ನೆರಳು ಅಂದರು. ಮೊದಲಿನವರು ಇದನ್ನು ಯಾಕೆ ನೋಡಲಿಲ್ಲ ಅನ್ನುವ ಸಿಟ್ಟು ನನಗೆ ಇನ್ನೂ ಇದೆ.

ಗಾಮಾ_ಕ್ಯಾಮೆರಾ

ಅಕ್ಕ, ಸಿಟ್ಟು ಬರಬೇಕಾದದ್ದೇ. ಸ್ನಾಯುವಿನಿಂದ ಹೊರಟ ಗಾಮಾ ಕಿರಣ ಮೈ ದಾಟಿಕೊಂಡು ಕ್ಯಾಮೆರಾಕ್ಕೆ ಬರಬೇಕು. ನಡುವೆ ಏನು ಸಿಕ್ಕಿದರೂ ಸ್ವಲ್ಪ ನುಂಗಿಬಿಡುತ್ತದೆ. ಹೆಂಗಸರಲ್ಲಿ ಸ್ತನ ಅಡ್ಡ ಬಂದು ಮುಂಭಾಗ ಮಸುಕಾಗುತ್ತದೆ. ಗಂಡಸರಲ್ಲಿ ಡಯಾಫ್ರಂ (ಎದೆ, ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ) ಅಡ್ಡ ಬಂದು ಕೆಳಭಾಗ ಮಸುಕಾಗುತ್ತದೆ, ಹೊಟ್ಟೆ ದೊಡ್ಡದಿದ್ದರೆ ಇನ್ನೂ ಜಾಸ್ತಿ.

ಪತ್ತೆ ಹಚ್ಚುವ ದಾರಿಗಳಿವೆ. ಬೋರಲು ಮಲಗಿಸಿ ಮತ್ತೆ ಚಿತ್ರ ತೆಗೆದರೆ ಎಷ್ಟೋ ಸಲ ಡಯಾಫ್ರಂ ನೆರಳು ಹೋಗುತ್ತದೆ. ಆ ಭಾಗ ಹೃದಯ ಬಡಿಯುವಾಗ ಚೆನ್ನಾಗಿ ಹಿಂಡುತ್ತಿದೆಯಾ ಎಂದು ನೋಡಬಹುದು. ಮಸುಕಾಗಿದ್ದೂ ಚೆನ್ನಾಗಿ ಹಿಂಡುತ್ತಿದ್ದರೆ ಅದು ನೆರಳಿನ ಸೂಚನೆ. ಸಿಟಿ ಜೋಡಿಸಿದ ಕ್ಯಾಮೆರಾಗಳಲ್ಲಿ ನೆರಳಿನ ಲೆಕ್ಕ ಕಳೆದುಹಾಕುವ ವ್ಯವಸ್ಥೆಯೇ ಇದೆ. ರಿಪೋರ್ಟ್ ಬರೆಯುವವರು ಗಡಿಬಿಡಿಯಲ್ಲಿದ್ದರೆ ಇದೆಲ್ಲ ಬಿಟ್ಟುಹೋಗುತ್ತದೆ.

ಡೊಂಬಿವಲಿ_ಹರೀಶ

ಗಾಮಾ ಸಾರ್, ತುಂಬಾ ಉಪಕಾರ. ಅಪ್ಪ ಈಗ ಹೊಸ ಪ್ರಶ್ನೆ ಹಾಕಿದ್ದಾರೆ: "ಇಂಜೆಕ್ಷನ್ ಕೊಟ್ಟಮೇಲೆ ತಿನ್ನು ತಿನ್ನು ಅಂತ ಬೆಣ್ಣೆ ಹಚ್ಚಿದ ಬ್ರೆಡ್ಡು, ಹಾಲು ಕೊಟ್ಟರು. ಹಾರ್ಟ್ ಟೆಸ್ಟಿಗೆ ಬೆಣ್ಣೆ ತಿನ್ನಿಸುವವರನ್ನು ಹೇಗೆ ನಂಬುವುದು?" ನನಗೂ ವಿಚಿತ್ರ ಅನ್ನಿಸಿತು.

ಗಾಮಾ_ಕ್ಯಾಮೆರಾ

ಹ್ಹ ಹ್ಹ, ಇದನ್ನು ಕೇಳದ ಪೇಷಂಟ್ ಇಲ್ಲ.

ಬಿಲ್ಲಿನಲ್ಲಿ ಥಾಲಿಯಂ ಎಂದಿದ್ದರೂ ಈಗ ಹೆಚ್ಚಿನ ಕಡೆ ಹಾಕುವುದು ಟೆಕ್ನೀಶಿಯಂ-99ಎಂ ಜೋಡಿಸಿದ ಸೆಸ್ಟಾಮಿಬಿ ಅಥವಾ ಟೆಟ್ರೋಫಾಸ್ಮಿನ್. ಅದು ರಕ್ತದ ಜೊತೆ ಹೋಗಿ ಹೃದಯದ ಸ್ನಾಯುವಿನೊಳಗೆ ಕೂರುತ್ತದೆ, ಕೂತಮೇಲೆ ಬೇಗ ಏಳುವುದಿಲ್ಲ. ಅದಕ್ಕೇ ಟ್ರೆಡ್‌ಮಿಲ್ ಮೇಲೆ ಸುಸ್ತಿನ ತುದಿಯಲ್ಲಿ ಇಂಜೆಕ್ಷನ್ ಕೊಟ್ಟು, ಇನ್ನೊಂದು ನಿಮಿಷ ಓಡಿಸಿ, ಆಮೇಲೆ ನಿಧಾನವಾಗಿ ಚಿತ್ರ ತೆಗೆಯಬಹುದು. ಓಡುವಾಗಿನ ರಕ್ತದ ಹಂಚಿಕೆ ಹಾಗೇ ಉಳಿದಿರುತ್ತದೆ.

ತೊಂದರೆ ಏನೆಂದರೆ, ಮದ್ದಿನ ದೊಡ್ಡ ಪಾಲು ಲಿವರಿಗೂ ಪಿತ್ತಕೋಶಕ್ಕೂ ಹೋಗುತ್ತದೆ. ಲಿವರ್ ಹೃದಯಕ್ಕೆ ಅಂಟಿಕೊಂಡೇ ಇದೆ. ಚಿತ್ರದಲ್ಲಿ ಅದು ಬಿಳಿಯಾಗಿ ಉರಿಯುತ್ತಿದ್ದರೆ ಹೃದಯದ ಕೆಳಭಾಗ ಸರಿಯಾಗಿ ಕಾಣುವುದಿಲ್ಲ. ಜಿಡ್ಡು ತಿಂದರೆ ಪಿತ್ತಕೋಶ ಖಾಲಿಯಾಗುತ್ತದೆ, ಮದ್ದು ಕೆಳಗೆ ಇಳಿಯುತ್ತದೆ. ಬೆಣ್ಣೆಯ ಕೆಲಸ ಅಷ್ಟೇ. ನಮ್ಮಲ್ಲಿ ಕೆಲವರು ಕೆಳಗಿನ ಗಾಡಿಯಿಂದ ವಡಾಪಾವ್ ತರಿಸುತ್ತಿದ್ದರು. ಜೈನರೊಬ್ಬರು ಮನೆಯಿಂದಲೇ ಥೇಪ್ಲಾ, ತುಪ್ಪ ತಂದಿದ್ದರು. ಕೆಲಸ ಎಲ್ಲದರಿಂದಲೂ ಆಗುತ್ತದೆ.

ಆಮೇಲೆ ಕ್ಯಾಮೆರಾದ ಕೆಳಗೆ ಎರಡೂ ಕೈ ತಲೆಯ ಮೇಲಕ್ಕೆತ್ತಿ ಮಲಗಬೇಕು. ಹದಿನೈದು ಇಪ್ಪತ್ತು ನಿಮಿಷ ಅಲುಗಾಡುವ ಹಾಗಿಲ್ಲ. ಹೆಗಲು ನೋವು ಇರುವವರ ಪಾಡು ಹೇಳಬೇಡಿ. ನಾನು ಯಾವಾಗಲೂ ಮೊಣಕೈ ಕೆಳಗೆ ಒಂದು ಮಡಿಸಿದ ಚಾದರ ಇಡುತ್ತಿದ್ದೆ. ಪೇಷಂಟ್ ಅಲುಗಿದರೆ ಚಿತ್ರದಲ್ಲಿ ಇಲ್ಲದ ಬ್ಲಾಕ್ ಹುಟ್ಟುತ್ತದೆ, ಆ ಚಾದರ ಎಷ್ಟೋ ಜನರ ಆಂಜಿಯೋ ತಪ್ಪಿಸಿರಬೇಕು.

ಓಡಿದಾಗಿನ ಚಿತ್ರ, ವಿಶ್ರಾಂತಿಯ ಚಿತ್ರ, ಎರಡನ್ನೂ ಮೇಲೆ ಕೆಳಗೆ ಜೋಡಿಸಿ ನೋಡುತ್ತಾರೆ. ಓಡಿದಾಗ ಮಸುಕು, ವಿಶ್ರಾಂತಿಯಲ್ಲಿ ಸರಿ ಅಂದರೆ ಆ ಭಾಗಕ್ಕೆ ರಕ್ತದ ಕೊರತೆ. ಎರಡರಲ್ಲೂ ಮಸುಕು ಅಂದರೆ ಹಳೆಯ ಅಟ್ಯಾಕಿನ ಗಾಯ, ಇಲ್ಲವೇ ಅಕ್ಕ ಹೇಳಿದ ನೆರಳು.

ವಾಸ್ಕೋ_ಹುಡುಗ

ಒಳ್ಳೆಯ ಚರ್ಚೆ. ನಾನು ಗೋವಾದ ವಾಸ್ಕೋದಲ್ಲಿದ್ದೇನೆ, ಊರು ಕಾರವಾರದ ಕಡೆ. ನಮ್ಮ ಚಿಕ್ಕಮ್ಮನಿಗೂ ಇದೇ ಟೆಸ್ಟ್ ಬರೆದಿದ್ದಾರೆ. ಅಣ್ಣ ಮುಂಬೈಯಲ್ಲಿರುವುದರಿಂದ ಅಲ್ಲೇ ಮಾಡಿಸುವ ಯೋಚನೆ. ಮೊಣಕಾಲು ನೋವು, ಟ್ರೆಡ್‌ಮಿಲ್ ಹತ್ತುವುದು ಸಾಧ್ಯವೇ ಇಲ್ಲ. ಔಷಧಿ ಕೊಟ್ಟು ಮಾಡುತ್ತಾರಂತೆ. ಚಿಕ್ಕಮ್ಮನಿಗೆ ಆಸ್ತಮಾ ಕೂಡ ಇದೆ. ಮತ್ತೆ ಒಂದು ದಿನ ಕಾಫಿ ಬಿಡಬೇಕಂತೆ, ಅದಕ್ಕೇ ಜಾಸ್ತಿ ತಕರಾರು.

ನವಿಮುಂಬೈ_ಡಾಕ್ಟರ್

ಆಸ್ತಮಾ ವಿಷಯವನ್ನು ಬುಕಿಂಗ್ ಮಾಡುವಾಗಲೇ ಹೇಳಿ, ಅಲ್ಲಿ ಹೋದಮೇಲೆ ಅಲ್ಲ. ಓಡಲಾಗದವರಿಗೆ ಸಾಮಾನ್ಯವಾಗಿ ಅಡೆನೋಸಿನ್ ಕೊಟ್ಟು ನಾಳ ಹಿಗ್ಗಿಸುತ್ತಾರೆ. ಆಸ್ತಮಾ ಇದ್ದವರಲ್ಲಿ ಅದರಿಂದ ಉಸಿರುಕೊಳವೆ ಬಿಗಿದುಕೊಳ್ಳಬಹುದು. ಅಂಥವರಿಗೆ ಡೊಬುಟಮಿನ್ ಎಂಬ ಬೇರೆ ದಾರಿ ಇದೆ, ಅದು ಹೃದಯವನ್ನೇ ಜೋರಾಗಿ ಬಡಿಯುವ ಹಾಗೆ ಮಾಡುತ್ತದೆ. ಯಾವುದು ಕೊಡಬೇಕು ಎಂದು ಅವರೇ ತೀರ್ಮಾನ ಮಾಡುತ್ತಾರೆ.

ಕಾಫಿಯ ವಿಷಯದಲ್ಲಿ ರಿಯಾಯಿತಿ ಇಲ್ಲ. ಕೆಫೀನ್ ಅಡೆನೋಸಿನ್‌ನ ಕೆಲಸವನ್ನೇ ತಡೆಯುತ್ತದೆ. ನಾಳ ಹಿಗ್ಗುವುದಿಲ್ಲ, ಕೊರತೆ ಕಾಣುವುದಿಲ್ಲ, ಸುಳ್ಳು ನಾರ್ಮಲ್ ಬರುತ್ತದೆ. ಚಹಾ, ಕೋಲಾ, ಚಾಕೊಲೇಟ್ ಎಲ್ಲ ಅದೇ ಲೆಕ್ಕ. ಬಿಪಿ ಮಾತ್ರೆಗಳಲ್ಲಿ ಕೆಲವನ್ನು ನಿಲ್ಲಿಸಲು ಹೇಳಬಹುದು. ಆದರೆ ಡಾಕ್ಟರು ಹೇಳದೆ ಯಾವುದನ್ನೂ ನಿಲ್ಲಿಸಬೇಡಿ.

ಪೊವಾಯಿ_ಓದುಗ

ಎಲ್ಲರೂ ಹಳೆಯ ಸ್ಕ್ಯಾನ್ ಬಗ್ಗೆಯೇ ಮಾತಾಡುತ್ತಿದ್ದೀರಿ. ಪ್ಲಾಕನ್ನೇ ನೇರವಾಗಿ ತೋರಿಸುವ ನ್ಯೂಕ್ಲಿಯರ್ ಸ್ಕ್ಯಾನ್ ಬಂದಾಗಿದೆ. ಸೋಡಿಯಂ ಫ್ಲೋರೈಡ್ ಪೆಟ್. ಎಡಿನ್‌ಬರೊದವರು 2014ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟಿಸಿದರು. ಹಾರ್ಟ್ ಅಟ್ಯಾಕ್ ಆದ 40 ಜನರಲ್ಲಿ 37 ಜನರಿಗೆ, ಅಟ್ಯಾಕಿಗೆ ಕಾರಣವಾದ ಪ್ಲಾಕೇ ಎಲ್ಲಕ್ಕಿಂತ ಜೋರಾಗಿ ಹೊಳೆಯಿತು. ಅಂದರೆ 93%! ಹರೀಶ್ ಅವರ ತಂದೆಗೆ ಇದನ್ನು ಮಾಡಿಸಿದರೆ ಯಾವ ಪ್ಲಾಕ್ ಅಪಾಯದ್ದು ಎಂದು ಗೊತ್ತಾಗಿಬಿಡುತ್ತದೆ ಅಲ್ವಾ? ಮೂಳೆಯ ಸ್ಕ್ಯಾನಿಗೆ ಇದೇ ಮದ್ದು ಬಳಸುತ್ತಾರೆ, ಹೊಸದೇನಲ್ಲ.

ನವಿಮುಂಬೈ_ಡಾಕ್ಟರ್

ಓದಿಕೊಂಡು ಬಂದಿದ್ದೀರಿ, ಸಂತೋಷ. ಆ ಪ್ರಬಂಧ ನಿಜಕ್ಕೂ ಕಣ್ಣು ತೆರೆಸುವಂಥದ್ದೇ. ಫ್ಲೋರೈಡ್ ಹೋಗಿ ಅಂಟಿಕೊಳ್ಳುವುದು ಈಗಷ್ಟೇ ಕೂರುತ್ತಿರುವ ಸಣ್ಣ ಸಣ್ಣ ಸುಣ್ಣದ ಕಣಗಳಿಗೆ. ಸಿಟಿಗೆ ಕಾಣದಷ್ಟು ಸಣ್ಣವು. ಹಳೆಯ ಗಟ್ಟಿ ಸುಣ್ಣ ಸಿಟಿಯಲ್ಲಿ ಹೊಳೆಯುತ್ತದೆ, ಕುದಿಯುತ್ತಿರುವ ಹೊಸ ಪ್ಲಾಕ್ ಫ್ಲೋರೈಡಿನಲ್ಲಿ ಹೊಳೆಯುತ್ತದೆ. ಆದ್ದರಿಂದ ಕ್ಯಾಲ್ಸಿಯಂ ಸ್ಕೋರೂ ಇದೂ ಒಂದೇ ಅಲ್ಲ.

ಆದರೆ ಮುಂದಿನ ಪುಟವನ್ನೂ ಓದಬೇಕು. ಆ 40 ಜನರಿಗೆ ಅಟ್ಯಾಕ್ ಆಗಿಹೋಗಿತ್ತು. ಆದಮೇಲೆ ಹೊಳೆಯುವುದು ಬೇರೆ, ಮುಂದೆ ಆಗುವುದನ್ನು ಮೊದಲೇ ಹೇಳುವುದು ಬೇರೆ. ಎರಡನೆಯದನ್ನು ಪರೀಕ್ಷಿಸಲೆಂದೇ ಅದೇ ತಂಡ ಬೇರೆ ದೇಶದವರ ಜೊತೆ ಸೇರಿ, ಇತ್ತೀಚೆಗೆ ಅಟ್ಯಾಕ್ ಆಗಿ ಒಂದಕ್ಕಿಂತ ಹೆಚ್ಚು ನಾಳದಲ್ಲಿ ತೊಂದರೆ ಇದ್ದ 704 ಜನರನ್ನು ಹಿಂಬಾಲಿಸಿತು. 2023ರಲ್ಲಿ ಫಲಿತಾಂಶ ಬಂತು. ಹೃದಯದಿಂದ ಸಾವು, ಅಟ್ಯಾಕ್, ಅನಿರೀಕ್ಷಿತ ಸ್ಟೆಂಟ್ ಅಥವಾ ಬೈಪಾಸ್, ಇವನ್ನೆಲ್ಲ ಒಟ್ಟು ಸೇರಿಸಿ ಮುಖ್ಯ ಲೆಕ್ಕ ಹಾಕಿದಾಗ ಸ್ಕ್ಯಾನ್ ಹೊಳಪಿಗೂ ಅದಕ್ಕೂ ಸಂಬಂಧ ಕಾಣಲಿಲ್ಲ. ಸಾವು ಮತ್ತು ಅಟ್ಯಾಕ್ ಮಾತ್ರ ಬೇರೆ ಮಾಡಿ ನೋಡಿದಾಗ ಸಂಬಂಧ ಕಂಡಿತು. ಆಶೆ ಇದೆ, ತೀರ್ಪು ಬಂದಿಲ್ಲ.

ಈ ಸ್ಕ್ಯಾನ್ ಫಲಿತಾಂಶ ನೋಡಿ ಔಷಧಿ ಬದಲಿಸಿದರೆ ಜನ ಹೆಚ್ಚು ಬದುಕುತ್ತಾರೆ ಎಂದು ತೋರಿಸುವ ತನಕ ಇದು ಸಂಶೋಧನೆಯ ಸಾಮಾನು. ಪೇಷಂಟ್ ಕೈಗೆ ಬರೆದುಕೊಡುವಂಥದ್ದಲ್ಲ.

ಪೊವಾಯಿ_ಓದುಗ

ಒಪ್ಪಿದೆ. ಆದರೆ ಕ್ಯಾನ್ಸರಿಗೆ ಮಾಡುವ ಎಫ್‌ಡಿಜಿ ಪೆಟ್ ಮುಂಬೈಯಲ್ಲಿ ಎಲ್ಲ ಕಡೆ ಇದೆಯಲ್ಲ. ಉರಿಯೂತ ಇರುವ ಪ್ಲಾಕ್ ಅದರಲ್ಲಿ ಕಾಣಬೇಕಲ್ಲ?

ಗಾಮಾ_ಕ್ಯಾಮೆರಾ

ಕುತ್ತಿಗೆಯ ನಾಳದಲ್ಲಿ ಕಾಣುತ್ತದೆ. ಹೃದಯದ ನಾಳದಲ್ಲಿ ಕಷ್ಟ. ಎಫ್‌ಡಿಜಿ ಅಂದರೆ ಸಕ್ಕರೆಯ ತಮ್ಮ, ಹೃದಯದ ಸ್ನಾಯು ಅದನ್ನು ಗಬಗಬನೆ ತಿನ್ನುತ್ತದೆ. ಪಕ್ಕದಲ್ಲಿ ಅಷ್ಟು ಬೆಳಕು ಉರಿಯುವಾಗ ಮೂರು ಮಿಲಿಮೀಟರ್ ನಾಳದ ಮಿಣುಕು ಯಾರಿಗೆ ಕಾಣಬೇಕು? ಹಿಂದಿನ ದಿನ ಅನ್ನ, ಚಪಾತಿ ಎಲ್ಲ ಬಿಡಿಸಿ ಬರೀ ಕೊಬ್ಬಿನ ಊಟ ಹಾಕಿ ಸ್ನಾಯುವನ್ನು ಸುಮ್ಮನಾಗಿಸುವ ಪ್ರಯತ್ನ ಮಾಡುತ್ತಾರೆ, ಅದೂ ಪ್ರತಿ ಸಲ ಫಲಿಸುವುದಿಲ್ಲ. ಅದಕ್ಕೆ ಕೇಂಬ್ರಿಜ್‌ನವರು 2017ರಲ್ಲಿ ಗ್ಯಾಲಿಯಂ-68 ಡೋಟಾಟೇಟ್ ಹಾಕಿ ನೋಡಿದರು. ಅದು ಪ್ಲಾಕ್‌ನೊಳಗಿನ ಉರಿಯೂತದ ಕಣಗಳಿಗೆ ಅಂಟುತ್ತದೆ, ಸ್ನಾಯುವಿಗೆ ಹೋಗುವುದಿಲ್ಲ. ಅದೂ ಇನ್ನೂ ಸಂಶೋಧನೆಯೇ.

ಪೆಟ್ ಕ್ಯಾಮೆರಾ ಬಿಡಿಸಿ ನೋಡಬಲ್ಲದ್ದು ನಾಲ್ಕೈದು ಮಿಲಿಮೀಟರ್. ನಾಳವೇ ಅದಕ್ಕಿಂತ ಸಣ್ಣದು, ಮೇಲೆ ಹೃದಯ ಬಡಿಯುತ್ತದೆ, ಉಸಿರಿಗೆ ಎದೆ ಏರಿಳಿಯುತ್ತದೆ. ಇಷ್ಟರಲ್ಲೂ ಎಡಿನ್‌ಬರೊದವರಿಗೆ ಕಂಡದ್ದೇ ದೊಡ್ಡದು.

ಮುಂಬೈ ವಿಷಯ ಬಂದದ್ದಕ್ಕೆ ಒಂದು ಮಾತು. ಪರೇಲಿನಲ್ಲಿ ಬಿಎಆರ್‌ಸಿಯ (ಭಾಭಾ ಅಣು ಸಂಶೋಧನಾ ಕೇಂದ್ರ) ರೇಡಿಯೇಷನ್ ಮೆಡಿಸಿನ್ ಸೆಂಟರ್ 1963ರಿಂದ ಇದೆ. ದೇಶದ ಮೊದಲ ಮೆಡಿಕಲ್ ಸೈಕ್ಲೋಟ್ರಾನ್ 2002ರಲ್ಲಿ ಬಂದದ್ದೂ ಅಲ್ಲಿಗೇ. ಹೆಚ್ಚಿನ ಪೆಟ್ ಮದ್ದು ಮಾಡುವುದು ಸೈಕ್ಲೋಟ್ರಾನಿನಲ್ಲಿ, ಮಾಡಿದ ಕ್ಷಣದಿಂದ ಅದು ಕರಗುತ್ತಾ ಹೋಗುತ್ತದೆ. ಎಫ್‌ಡಿಜಿ, ಫ್ಲೋರೈಡ್ ಎರಡರಲ್ಲೂ ಇರುವ ಫ್ಲೋರಿನ್-18 ಅರ್ಧ ಆಗಲು 110 ನಿಮಿಷ. ಟ್ರಾಫಿಕ್ ಶುರುವಾಗುವ ಮೊದಲೇ ಗಾಡಿ ಹೊರಟರೆ ಬೇರೆ ಆಸ್ಪತ್ರೆಗೆ ತಲುಪಿಸಬಹುದು. ಹೃದಯದ ರಕ್ತದ ಹರಿವನ್ನು ಅಳೆಯುವ ಅಮೋನಿಯಾ ಪೆಟ್ ಇದೆಯಲ್ಲ, ಅದರ ನೈಟ್ರೋಜನ್-13 ಹತ್ತೇ ನಿಮಿಷಕ್ಕೆ ಅರ್ಧ. ಪರೇಲಿನಿಂದ ದಾದರ್ ಸಿಗ್ನಲ್ ದಾಟುವಷ್ಟರಲ್ಲಿ ಮುಗಿಯಿತು. ಸೈಕ್ಲೋಟ್ರಾನ್ ಪಕ್ಕದಲ್ಲೇ ಇದ್ದರೆ ಮಾತ್ರ ಆಗುವ ಟೆಸ್ಟ್ ಅದು.

ನವಿಮುಂಬೈ_ಡಾಕ್ಟರ್

ಅಮೋನಿಯಾ ಪೆಟ್ ಯಾಕೆ ಬೇಕು ಎನ್ನುವುದನ್ನೂ ಹೇಳಿಬಿಡುತ್ತೇನೆ, ಹರೀಶ್ ಅವರಿಗೆ ಸಂಬಂಧ ಇದೆ. ಸಾಮಾನ್ಯ ಥಾಲಿಯಂ ಟೆಸ್ಟ್ ಒಂದು ಭಾಗವನ್ನು ಇನ್ನೊಂದರ ಜೊತೆ ಹೋಲಿಸುತ್ತದೆ. ಮೂರೂ ನಾಳಗಳಲ್ಲಿ ಒಂದೇ ಥರ ದೊಡ್ಡ ಬ್ಲಾಕ್ ಇದ್ದರೆ ಎಲ್ಲ ಭಾಗವೂ ಸಮನಾಗಿ ಬಡವಾಗುತ್ತದೆ, ಹೋಲಿಸಲು ಚೆನ್ನಾಗಿರುವ ಭಾಗವೇ ಇಲ್ಲ, ಚಿತ್ರ ನಾರ್ಮಲ್ ಥರ ಕಾಣುತ್ತದೆ. ಅಪರೂಪ, ಆದರೆ ಅಪಾಯ. ಪೆಟ್‌ನಲ್ಲಿ ಹರಿವನ್ನು ಸಂಖ್ಯೆಯಲ್ಲೇ ಅಳೆಯುವುದರಿಂದ ಇದು ತಪ್ಪಿಸಿಕೊಳ್ಳುವುದು ಕಷ್ಟ.

ಸಾಮಾನ್ಯ ಸ್ಕ್ಯಾನಿನಲ್ಲೂ ಸುಳಿವುಗಳಿವೆ. ಓಡಿದಮೇಲೆ ಎಡ ಹೃದಯದ ಕೋಣೆ ವಿಶ್ರಾಂತಿಗಿಂತ ದೊಡ್ಡದಾಗಿ ಕಂಡಿತಾ? ಇಎಫ್ ಇಳಿಯಿತಾ? ಟ್ರೆಡ್‌ಮಿಲ್ ಮೇಲೆ ಬಿಪಿ ಬಿತ್ತಾ? ಇಸಿಜಿ ಬದಲಾಯಿತಾ? ಹರೀಶ್, ತಂದೆಯ ರಿಪೋರ್ಟಿನಲ್ಲಿ ಟಿಐಡಿ (ಕೋಣೆ ಹೀಗೆ ದೊಡ್ಡದಾಗುವುದು) ಎಂದು ಏನಾದರೂ ಬರೆದಿದೆಯಾ? ಎಷ್ಟು ನಿಮಿಷ ಓಡಿದರು?

ಡೊಂಬಿವಲಿ_ಹರೀಶ

ಡಾಕ್ಟರೇ, ಟಿಐಡಿ ಇಲ್ಲ ಅಂತ ಬರೆದಿದೆ. ಏಳೂವರೆ ನಿಮಿಷ ಓಡಿದ್ದಾರೆ, ಗುರಿಯ ಹಾರ್ಟ್ ರೇಟ್ ಮುಟ್ಟಿದೆ, ಇಸಿಜಿಯಲ್ಲಿ ಬದಲಾವಣೆ ಇಲ್ಲ, ಬಿಪಿ ಏರಿತ್ತು. ಎಸ್‌ಎಸ್‌ಎಸ್ 2 ಅಂತ ಇದೆ.

ನವಿಮುಂಬೈ_ಡಾಕ್ಟರ್

ಹಾಗಾದರೆ ಒಳ್ಳೆಯ ಟೆಸ್ಟ್. ಎಸ್‌ಎಸ್‌ಎಸ್ ಅಂದರೆ ಓಡಿದಾಗಿನ ಚಿತ್ರದ ಮಸುಕಿಗೆ ಕೊಡುವ ಒಟ್ಟು ಅಂಕ, 4ಕ್ಕಿಂತ ಕಡಿಮೆ ಇದ್ದರೆ ನಾರ್ಮಲ್ ಎನ್ನುತ್ತಾರೆ. ಇಂಥ ಸ್ಕ್ಯಾನ್ ಬಂದವರಲ್ಲಿ ಅಟ್ಯಾಕ್ ಅಥವಾ ಹೃದಯದಿಂದ ಸಾವು ಸಾಮಾನ್ಯವಾಗಿ ವರ್ಷಕ್ಕೆ 1%ಗಿಂತ ಕಡಿಮೆ. ಆದರೆ ಶುಗರ್ ಇದ್ದು ಕ್ಯಾಲ್ಸಿಯಂ ಜಾಸ್ತಿ ಇದ್ದವರಿಗೆ ಆ ಭರವಸೆ ಬಹಳ ವರ್ಷ ಬಾಳುವುದಿಲ್ಲ. ಸ್ಟೆಂಟ್ ಹಾಕುವ ಅರ್ಜೆಂಟ್ ಇಲ್ಲ, ಮಾತ್ರೆ ಬಿಡುವ ಹಾಗೂ ಇಲ್ಲ. ಎರಡು ರಿಪೋರ್ಟ್ ಸೇರಿ ಹೇಳುವುದು ಅಷ್ಟು.

ಕ್ಯಾಲ್ಸಿಯಂ 100 ದಾಟಿದರೆ ಸ್ಟಾಟಿನ್ ಪರವಾದ ವಾದ ಗಟ್ಟಿ ಆಗುತ್ತದೆ. 400 ದಾಟಿದರೆ ತೀವ್ರ ಎನ್ನುತ್ತೇವೆ. 312 ಮತ್ತು ಹಳೆಯ ಶುಗರ್ ಸೇರಿದರೆ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 70ರ ಕೆಳಗೆ ಇಡಲು ಹೇಳುತ್ತೇವೆ, ಇನ್ನೂ ಹೆಚ್ಚು ಅಪಾಯ ಎನ್ನಿಸಿದರೆ 55ರ ಕೆಳಗೆ. ಮತ್ತೆ ವರ್ಷ ವರ್ಷ ಕ್ಯಾಲ್ಸಿಯಂ ಸ್ಕೋರ್ ಮಾಡಿಸಿ "ಮಾತ್ರೆ ತಗೊಂಡರೂ ಏರಿತು" ಅನ್ನಬೇಡಿ. ಸ್ಟಾಟಿನ್ ಮೆತ್ತನೆಯ ಪ್ಲಾಕನ್ನು ಗಟ್ಟಿ ಮಾಡುತ್ತದೆ, ಸ್ಕೋರ್ ಏರಬಹುದು. ಅದು ಸೋಲಲ್ಲ.

ಕಿಂಗ್ಸ್‌ಸರ್ಕಲ್_ಮಾಮ

ಡಾಕ್ಟರೇ, ಹಾಗಾದರೆ ಥಾಲಿಯಂನಲ್ಲಿ ಕೊರತೆ ಬಂದಿದ್ದರೆ ಆಗ ಸ್ಟೆಂಟ್ ಹಾಕಲೇಬೇಕಿತ್ತು ಅಲ್ವಾ?

ನವಿಮುಂಬೈ_ಡಾಕ್ಟರ್

ಅದೂ ಲೇಬೇಕು ಅಂತೇನಿಲ್ಲ ಮಾಮ. ಸ್ಟ್ರೆಸ್ ಟೆಸ್ಟಿನಲ್ಲಿ ಮಧ್ಯಮದಿಂದ ತೀವ್ರ ಕೊರತೆ ಕಂಡ 5179 ಜನರ ಮೇಲೆ ಇಸ್ಕೀಮಿಯಾ ಟ್ರಯಲ್ ನಡೆಯಿತು, ಭಾರತದವರೂ ಇದ್ದರು. 2020ರಲ್ಲಿ ಪ್ರಕಟವಾಯಿತು. ಅರ್ಧ ಜನರಿಗೆ ಶುರುವಿನಲ್ಲೇ ಆಂಜಿಯೋ, ಬೇಕಾದವರಿಗೆ ಸ್ಟೆಂಟ್ ಅಥವಾ ಬೈಪಾಸ್. ಉಳಿದವರಿಗೆ ಮೊದಲು ಒಳ್ಳೆಯ ಔಷಧಿ. ಸಾವು, ಅಟ್ಯಾಕ್ ಲೆಕ್ಕದಲ್ಲಿ ಮೊದಲ ಗುಂಪಿಗೆ ಲಾಭ ಕಾಣಲಿಲ್ಲ. ಎದೆನೋವು ಇದ್ದವರಿಗೆ ನೋವು ಮಾತ್ರ ಚೆನ್ನಾಗಿ ಕಡಿಮೆ ಆಯಿತು. ಎಡಗಡೆಯ ಮುಖ್ಯ ನಾಳದಲ್ಲಿ (ಲೆಫ್ಟ್ ಮೇನ್, ಎಲ್‌ಎಡಿ ಕವಲೊಡೆಯುವ ಬುಡ) ದೊಡ್ಡ ಬ್ಲಾಕ್ ಇದ್ದವರನ್ನು ಅದರಲ್ಲಿ ಸೇರಿಸಿರಲಿಲ್ಲ, ಅವರ ಲೆಕ್ಕ ಬೇರೆ. ಅಟ್ಯಾಕ್ ನಡೆಯುತ್ತಿರುವಾಗ ಹಾಕುವ ಸ್ಟೆಂಟೂ ಬೇರೆ, ಅದು ಜೀವ ಉಳಿಸುತ್ತದೆ.

ಇದಕ್ಕೆ ಎದುರಾಗಿ ಸ್ಕಾಟ್‌ಲ್ಯಾಂಡಿನಲ್ಲಿ ಎದೆನೋವು ಇದ್ದ 4146 ಜನರಲ್ಲಿ ಅರ್ಧ ಜನರಿಗೆ ಮಾಮೂಲಿ ತಪಾಸಣೆಯ ಜೊತೆ ಸಿಟಿ ಆಂಜಿಯೋ ಸೇರಿಸಿದರು. ಐದು ವರ್ಷದಲ್ಲಿ ಹೃದಯದ ಸಾವು ಅಥವಾ ಅಟ್ಯಾಕ್ ಸಿಟಿ ಗುಂಪಿನಲ್ಲಿ 2.3%, ಇನ್ನೊಂದರಲ್ಲಿ 3.9%. ಪ್ಲಾಕ್ ಕಣ್ಣಿಗೆ ಬಿದ್ದವರಿಗೆ ಔಷಧಿ ಸರಿಯಾಗಿ ಶುರುವಾಯಿತು, ದೊಡ್ಡ ಕಾರಣ ಅದೇ ಅನ್ನಿಸುತ್ತದೆ. ನನ್ನ ಮಟ್ಟಿಗೆ ಪ್ಲಾಕ್ ನೋಡುವ ಟೆಸ್ಟ್ ಮಾತ್ರೆ ತೀರ್ಮಾನಿಸಲು, ಹರಿವು ನೋಡುವ ಟೆಸ್ಟ್ ನೋವಿಗೆ ಕಾರಣ ಹುಡುಕಲು.

ವಾಶಿ_ಹೋಟೆಲ್

ಒಂದು ಅಡ್ಡ ಪ್ರಶ್ನೆ. ನನ್ನ ಹೋಟೆಲಿನಲ್ಲಿ ಮೂವತ್ತಕ್ಕೂ ಹೆಚ್ಚು ಹುಡುಗರಿದ್ದಾರೆ, ಕೆಲವರಿಗೆ ಶುಗರ್. ಒಂದು ಲ್ಯಾಬಿನವರು ಪ್ಯಾಕೇಜ್ ತಂದಿದ್ದಾರೆ, ಥಾಲಿಯಂ ಕೂಡ ಸೇರಿಸಿ. ಎಲ್ಲರಿಗೂ ಮಾಡಿಸಿಬಿಡಲಾ? ಹೋದ ವರ್ಷ ನಮ್ಮ ಒಬ್ಬ ಭಟ್ಟರು ಒಲೆಯ ಮುಂದೆಯೇ ಕುಸಿದರು. ಅವತ್ತಿನಿಂದ ನಿದ್ದೆ ಇಲ್ಲ.

ಗಾಮಾ_ಕ್ಯಾಮೆರಾ

ಬೇಡ ಅಣ್ಣ. ತೊಂದರೆ ಇಲ್ಲದವರಿಗೆ ಸುಮ್ನೆ ಈ ಟೆಸ್ಟ್ ಬೇಡ. ಲಕ್ಷಣವಿಲ್ಲದ 1123 ಶುಗರ್ ಪೇಷಂಟ್‌ಗಳಲ್ಲಿ ಅರ್ಧ ಜನರಿಗೆ ಇದೇ ಸ್ಕ್ಯಾನ್ ಮಾಡಿಸಿ ನೋಡಿದ ಡಯಾಡ್ ಎಂಬ ಅಧ್ಯಯನ 2009ರಲ್ಲಿ ಬಂತು. ಸ್ಕ್ಯಾನ್ ಮಾಡಿಸಿದವರಿಗೂ ಮಾಡಿಸದವರಿಗೂ ಮುಂದಿನ ವರ್ಷಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ.

ಸ್ಕ್ಯಾನ್ ಎಂದರೆ ರೇಡಿಯೇಷನ್ ಕೂಡ. ಎರಡೂ ಚಿತ್ರ ಸೇರಿ ಸುಮಾರು 10 ಮಿಲಿಸೀವರ್ಟ್. ಪ್ರಕೃತಿಯಿಂದ ಮನುಷ್ಯನಿಗೆ ವರ್ಷಕ್ಕೆ ಬೀಳುವುದು ಸರಾಸರಿ 2.4. ಕ್ಯಾಲ್ಸಿಯಂ ಸ್ಕೋರಿನದು 1ರ ಆಸುಪಾಸು. ಬೇಕಾದವರಿಗೆ ಇದು ದೊಡ್ಡ ವಿಷಯ ಅಲ್ಲ, ಬೇಡದ 25ರ ಹುಡುಗನಿಗೆ ಯಾಕೆ?

ನವಿಮುಂಬೈ_ಡಾಕ್ಟರ್

ಆ ದುಡ್ಡಿನಲ್ಲಿ ಎಲ್ಲರ ಬಿಪಿ, ಶುಗರ್, ಕೊಲೆಸ್ಟ್ರಾಲ್ ನೋಡಿಸಿ. ತಂಬಾಕು ಬಿಡಿಸಿ, ಅಡುಗೆಮನೆಯ ಹಿಂದೆ ನಿಂತು ಬೀಡಿ ಎಳೆಯುವವರು ಯಾರು ಎಂದು ನಿಮಗೆ ಗೊತ್ತಿರುತ್ತದೆ. ನಮ್ಮ ಕಡೆಯವರಿಗೆ ಅಟ್ಯಾಕ್ ಬೇಗ ಬರುತ್ತದೆ. ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಅಟ್ಯಾಕಿನ ಸರಾಸರಿ ವಯಸ್ಸು 53, ಬೇರೆ ದೇಶದವರಿಗೆ ಸುಮಾರು 59. ಯಾರಿಗಾದರೂ ನಡೆಯುವಾಗ ಎದೆ ಬಿಗಿದರೆ, ದವಡೆಗೆ ನೋವು ಹರಿದರೆ ಆಗ ಟೆಸ್ಟ್, ಆಗ ಖರ್ಚು.

ಡೊಂಬಿವಲಿ_ಹರೀಶ

ಎಲ್ಲರಿಗೂ ಅಪ್ಡೇಟ್. ನಿನ್ನೆ ಅಪ್ಪನನ್ನು ಕರೆದುಕೊಂಡು ನಮ್ಮ ಡಾಕ್ಟರ ಹತ್ತಿರ ಹೋಗಿದ್ದೆ. ಇಲ್ಲಿ ಓದಿದ್ದನ್ನೇ ಕೇಳಿದೆ. ಸ್ಟಾಟಿನ್ ಮುಂದುವರಿಸಬೇಕು, ಎರಡು ತಿಂಗಳಿಗೆ ಎಲ್‌ಡಿಎಲ್ ನೋಡಬೇಕು. ಏದುಸಿರಿಗೆ ಮೊದಲು ಎಕೋ, ಶ್ವಾಸಕೋಶದ ಟೆಸ್ಟ್, ಹಿಮೋಗ್ಲೋಬಿನ್. ಅದು ಜಾಸ್ತಿ ಆದರೆ ಸಿಟಿ ಆಂಜಿಯೋ. ಈಗ ಬೇಡ ಅಂದರು. ಇನ್ನೊಂದು ಸಂಗತಿ, ಟೆಸ್ಟಿಗೆ ಅಡ್ಮಿಟ್ ಆಗಿರಲಿಲ್ಲ ಅಂತ ಇನ್ಶೂರೆನ್ಸ್ ಕ್ಲೇಮ್ ವಾಪಸ್ ಬಂತು. ಮೊದಲೇ ಪಾಲಿಸಿಯ ಒಪಿಡಿ ಭಾಗ ಓದಿಕೊಂಡು ಹೋಗಿ.

ಅಪ್ಪ ಮಾತ್ರೆಗೆ ಒಪ್ಪಿದ್ದಾರೆ. ಒಪ್ಪಿದ್ದು ನನ್ನ ಮಾತಿಗಲ್ಲ. ಡಾಕ್ಟರು ಸಿಟಿ ಚಿತ್ರವನ್ನು ಕಂಪ್ಯೂಟರ್ ಪರದೆಯಲ್ಲಿ ದೊಡ್ಡದು ಮಾಡಿ, ಎಲ್‌ಎಡಿ ಉದ್ದಕ್ಕೂ ಇದ್ದ ಬಿಳಿ ಚುಕ್ಕೆಗಳನ್ನು ಪೆನ್ನಿನ ತುದಿಯಲ್ಲಿ ಒಂದೊಂದಾಗಿ ತೋರಿಸಿದರು. ಅಪ್ಪ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. "ಇಷ್ಟೆಲ್ಲ ನನ್ನದೇಯಾ?" ಅಂದರು.

ವಾಸ್ಕೋ_ಹುಡುಗ

ಒಳ್ಳೆಯದಾಯಿತು ಹರೀಶಣ್ಣ. ಗಾಮಾ ಸಾರ್, ಚಿಕ್ಕಮ್ಮನ ಟೆಸ್ಟ್ ಮುಂದಿನ ವಾರ. ಡೊಬುಟಮಿನ್ ಕೊಡುತ್ತಾರಂತೆ. ಟೆಸ್ಟ್ ಆದ ರಾತ್ರಿಯೇ ಕೊಂಕಣ ಕನ್ಯಾ ಹತ್ತಬಹುದಾ, ಇಲ್ಲ ಮರುದಿನ ಫ್ಲೈಟ್ ಹಿಡಿಯುವುದು ಒಳ್ಳೆಯದಾ? ಮನೆಯಲ್ಲಿ ಅಕ್ಕನ ಎಂಟು ತಿಂಗಳ ಮಗು ಇದೆ.

ಗಾಮಾ_ಕ್ಯಾಮೆರಾ

ಮೈ ಸರಿ ಇದ್ದರೆ ರೈಲಿಗೆ ತೊಂದರೆ ಇಲ್ಲ. ಟೆಕ್ನೀಶಿಯಂ ಆರು ಗಂಟೆಗೊಮ್ಮೆ ಅರ್ಧ ಆಗುತ್ತದೆ, ಒಂದು ದಿನ ಕಳೆದರೆ 16ರಲ್ಲಿ ಒಂದು ಪಾಲು ಉಳಿಯುತ್ತದೆ. ಮೂತ್ರದಲ್ಲೂ ಹೋಗುತ್ತದೆ, ನೀರು ಚೆನ್ನಾಗಿ ಕುಡಿಸಿ. ಮಗುವನ್ನು ಆವತ್ತು ಎತ್ತಿಕೊಂಡು ಕೂರುವುದು ಬೇಡ, ಮರುದಿನದಿಂದ ಸರಿ. ಬರ್ತ್ ಕೆಳಗಿನದೇ ಬುಕ್ ಮಾಡಿ, ಮೊಣಕಾಲು ನೋವು ಅಂದಿರಿ.

ಫ್ಲೈಟ್ ಆದರೆ ವಿಭಾಗದವರಿಂದ ಒಂದು ಪತ್ರ ಬರೆಸಿಕೊಳ್ಳಿ. ಯಾವ ಮದ್ದು, ಯಾವ ತಾರೀಖು, ಫೋನ್ ನಂಬರ್. ರೇಡಿಯೇಷನ್ ಹಿಡಿಯುವ ಯಂತ್ರ ಇರುವ ವಿಮಾನ ನಿಲ್ದಾಣದಲ್ಲಿ ಅದು ಕೂಗಿಕೊಳ್ಳಬಹುದು. ನಿಜವಾದ ಥಾಲಿಯಂ-201 ಹಾಕಿದ್ದರೆ ಪತ್ರವನ್ನು ಕೆಲವು ವಾರ ಪರ್ಸಿನಲ್ಲೇ ಇಡಲಿ, ಅದು ಅರ್ಧ ಆಗಲು ಮೂರು ದಿನ ಬೇಕು. ಯಾವುದು ಹಾಕಿದರು ಎಂದು ಆವತ್ತೇ ಕೇಳಿಬಿಡಿ. ಮತ್ತೆ ಬೆಳಿಗ್ಗೆ ಹೋಗುವಾಗ ತೆಳುವಾದ ಹತ್ತಿ ಬಟ್ಟೆ, ಕುತ್ತಿಗೆಯಲ್ಲಿ ಕರಿಮಣಿ ಬಿಟ್ಟು ಬೇರೆ ಸರ ಬೇಡ. ಅದನ್ನೂ ತೆಗೆಯಿರಿ ಅಂದರೆ ಜಗಳ ಬೇಡ ಅಂತ ಚಿಕ್ಕಮ್ಮನಿಗೆ ಈಗಲೇ ಹೇಳಿಡಿ.